ಹಾಸನದ ಕಾಫಿ ಕೊಲಂಬೊದಲ್ಲಿ ಹಡಗು ಬದಲಿಸುವುದೇಕೆ?

ಪ್ರಶ್ನೆ: ಹಾಸನದಲ್ಲಿ ನಮ್ಮದು ಕಾಫಿ ಕ್ಯೂರಿಂಗ್ ಮತ್ತು ರಫ್ತು ವ್ಯವಹಾರ. ಯುರೋಪಿಗೆ ಹೋಗುವ ನಮ್ಮ ಕಂಟೇನರ್ ಮಂಗಳೂರಿನಲ್ಲಿ ಚಿಕ್ಕ ಹಡಗು ಹತ್ತಿ, ಕೊಲಂಬೊದಲ್ಲಿ ಇಳಿದು, ಅಲ್ಲಿ ದೊಡ್ಡ ಹಡಗಿಗಾಗಿ ಕಾಯುತ್ತದೆ. ಕೇರಳದ ವಿಳಿಂಜಂ ಬಂದರು ಶುರುವಾಗಿದೆ, ಮಹಾರಾಷ್ಟ್ರದ ವಾಧವನ್ ಬಂದರು ಬರುತ್ತಿದೆ. ಆದರೂ ಭಾರತ ಸಿಂಗಪುರ, ದುಬೈಗಳಂತೆ ಜಗತ್ತಿನ ವ್ಯಾಪಾರ ಕೇಂದ್ರವಾಗಲು ಇನ್ನೇನು ಬಾಕಿ ಇದೆ? ನವ ಮಂಗಳೂರು ಬಂದರನ್ನೇ ಇನ್ನಷ್ಟು ಆಳ ಮಾಡಿದರೆ ಸಾಲದೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸಾಲದು. ಆಳ ಬೇಕೇ ಬೇಕು, ಆದರೆ ಆಳ ನೋಡಿ ಮಾತ್ರ ಯಾವ ದೊಡ್ಡ ಹಡಗೂ ಬರುವುದಿಲ್ಲ. ನಿಮ್ಮ ಊರಿನ ಬಸ್ ನಿಲ್ದಾಣವನ್ನೇ ನೆನೆಸಿಕೊಳ್ಳಿ. ಸುತ್ತಲಿನ ಹತ್ತು ಊರಿನವರು ಹಾಸನಕ್ಕೆ ಬಂದು ಬಸ್ಸು ಬದಲಿಸುವುದು ಅಲ್ಲಿನ ಪ್ಲಾಟ್‌ಫಾರಂ ಅಗಲವಾಗಿದೆ ಎಂದಲ್ಲ. ಒಂದು ಬಸ್ಸು ತಪ್ಪಿದರೆ ಅರ್ಧ ಗಂಟೆಗೆ ಇನ್ನೊಂದು ಸಿಗುತ್ತದೆ ಎಂಬ ಧೈರ್ಯಕ್ಕೆ ಬರುತ್ತಾರೆ. ಕೊಲಂಬೊ ಮಾರುತ್ತಿರುವುದೂ ಆ ಧೈರ್ಯವನ್ನೇ. ಅಲ್ಲಿ ಒಂದು ಹಡಗು ತಪ್ಪಿದರೆ ಕೆಲವೇ ದಿನಗಳಲ್ಲಿ ಅದೇ ದಿಕ್ಕಿಗೆ ಇನ್ನೊಂದು ಹೊರಡುತ್ತದೆ. 2024ರಲ್ಲಿ ಕೊಲಂಬೊ ನಿರ್ವಹಿಸಿದ್ದು ಸುಮಾರು 78 ಲಕ್ಷ ಟಿಇಯು. ಇಪ್ಪತ್ತು ಅಡಿಯ ಒಂದು ಕಂಟೇನರ್ ಎಂದರೆ ಒಂದು ಟಿಇಯು. ಅದೇ ವರ್ಷ ಸಿಂಗಪುರ ನಿರ್ವಹಿಸಿದ್ದು 4.1 ಕೋಟಿ. ಭಾರತದ ಸರಕಿನಲ್ಲಿ ಹೀಗೆ ನಡುದಾರಿಯಲ್ಲಿ ಹಡಗು ಬದಲಿಸಬೇಕಾದ ಪಾಲಿನ ಮುಕ್ಕಾಲು ಭಾಗ ಹೊರದೇಶದ ಬಂದರುಗಳಲ್ಲೇ ಬದಲಾಗುತ್ತದೆ ಎಂದು ಸರ್ಕಾರವೇ ಹೇಳುತ್ತ ಬಂದಿದೆ. ಅದರಲ್ಲಿ ಶೇ 85ಕ್ಕೂ ಹೆಚ್ಚು ಕೊಲಂಬೊ, ಸಿಂಗಪುರ ಮತ್ತು ಮಲೇಷ್ಯಾದ ಪೋರ್ಟ್ ಕ್ಲಾಂಗ್ ಈ ಮೂರರ ಪಾಲು.

ಮಂಗಳೂರಿಗೆ ದೊಡ್ಡ ಹಡಗು ಏಕೆ ಬರುವುದಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. 2025ರ ಜೂನ್‌ನಲ್ಲಿ ವಿಳಿಂಜಂಗೆ ಬಂದ ಎಂಎಸ್‌ಸಿ ಐರಿನಾ ಹಡಗು ಸುಮಾರು 400 ಮೀಟರ್ ಉದ್ದ, 61 ಮೀಟರ್ ಅಗಲ. ಹೊರುವ ಸಾಮರ್ಥ್ಯ 24,346 ಟಿಇಯು. ಇಂಥ ಹಡಗು ಪೂರ್ತಿ ತುಂಬಿದಾಗ ನೀರಿನೊಳಗೆ 16 ಮೀಟರಿಗೂ ಹೆಚ್ಚು ಇಳಿಯುತ್ತದೆ. ಹಡಗಿನ ತಳ ಮತ್ತು ಸಮುದ್ರದ ನೆಲದ ನಡುವೆ ಇನ್ನೂ ಶೇ 10ರಿಂದ 15ರಷ್ಟು ಅಂತರ ಬೇಕು. ಅಂದರೆ ಹಡಗು ಒಳಬರುವ ಕಾಲುವೆ 18 ಮೀಟರ್ ಆಳ ಇರಬೇಕು. ನವ ಮಂಗಳೂರು ಬಂದರು ಇರುವ ಪಣಂಬೂರಿನಲ್ಲಿ ಒಳಬರಬಹುದಾದ ಹಡಗಿನ ಇಳಿತ, ಅಂದರೆ ನೀರಿನೊಳಗೆ ಮುಳುಗುವ ಆಳ, 14 ಮೀಟರ್ ಆಸುಪಾಸು. ಆಳದ ಕೊರತೆ ಇರುವುದು ನಿಜ.

ಈಗ ಕೊರತೆಯಿರುವ ಆ ಆಳವನ್ನು ತೋಡಿಬಿಟ್ಟೆವು ಎಂದೇ ಇಟ್ಟುಕೊಳ್ಳಿ. ನವ ಮಂಗಳೂರು ಬಂದರಿನ ಕಂಟೇನರ್ ವಹಿವಾಟು ವರ್ಷಕ್ಕೆ ಎರಡು ಲಕ್ಷ ಟಿಇಯು ಆಸುಪಾಸಿನದು. ವಾರಕ್ಕೆ ನಾಲ್ಕು ಸಾವಿರಕ್ಕಿಂತ ಕಡಿಮೆ. ಅದರಲ್ಲಿ ಬರುವುದೂ ಸೇರಿದೆ, ಹೋಗುವುದೂ ಸೇರಿದೆ, ಖಾಲಿ ಕಂಟೇನರ್ ಡಬ್ಬಗಳೂ ಸೇರಿವೆ. ಅದನ್ನು ಮತ್ತೆ ನಾಲ್ಕಾರು ಹಡಗು ಕಂಪನಿಗಳಿಗೆ, ಯುರೋಪು, ಕೊಲ್ಲಿ, ಅಮೆರಿಕ, ಪೂರ್ವ ಏಷ್ಯಾ ಎಂದು ನಾಲ್ಕು ದಿಕ್ಕಿಗೆ ಹಂಚಿ. ಒಂದು ಕಂಪನಿಗೆ ಯುರೋಪಿನ ದಿಕ್ಕಿಗೆ ಒಂದು ವಾರಕ್ಕೆ ಉಳಿಯುವುದು ಕೆಲವೇ ನೂರು. ದೊಡ್ಡ ಹಡಗು ದಾರಿ ಬಿಟ್ಟು ಒಂದು ಬಂದರಿಗೆ ಹೊರಳಬೇಕಾದರೆ ಅಲ್ಲಿ ಕನಿಷ್ಠ ಒಂದೂವರೆ, ಎರಡು ಸಾವಿರ ಕಂಟೇನರ್ ಏರಿಳಿಸುವ ಕೆಲಸ ಸಿಗಬೇಕು. ಇಲ್ಲವಾದರೆ ಹೋಗಿಬರುವ ಇಂಧನ, ಪೈಲಟ್, ಟಗ್, ಬಂದರು ಶುಲ್ಕ ಯಾವುದೂ ಗಿಟ್ಟುವುದಿಲ್ಲ. ಹೀಗಾಗಿ ಕೊರತೆ ನೀರಿನದಕ್ಕಿಂತ ಹೆಚ್ಚಾಗಿ ಸರಕಿನದು. ಸರಕಿನ ಕೊರತೆಗೆ ಕಾರಣ ಹುಡುಕಲು ಸಮುದ್ರ ಬಿಟ್ಟು ಘಾಟಿ ಹತ್ತಬೇಕು. ಅಲ್ಲಿಗೆ ಆಮೇಲೆ ಬರುತ್ತೇನೆ.

ಆಳವನ್ನು ಯಂತ್ರದಿಂದ ಕೊಂಡುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಕೊಚ್ಚಿಯ ವಲ್ಲಾರ್‌ಪಾಡಂ ಪಾಠವಾಗಿ ಕಣ್ಣ ಮುಂದಿದೆ. 2011ರ ಫೆಬ್ರುವರಿಯಲ್ಲಿ ಶುರುವಾದ ಆ ಟರ್ಮಿನಲ್ ಕೊಲಂಬೊದ ಸರಕನ್ನು ಸೆಳೆಯಲೆಂದೇ ಕಟ್ಟಿದ್ದು. ಅದಕ್ಕಾಗಿ ವೆಂಬನಾಡು ಹಿನ್ನೀರಿನ ಮೇಲೆ 4.62 ಕಿ.ಮೀ. ಉದ್ದದ ರೈಲು ಸೇತುವೆಯನ್ನೂ ಕಟ್ಟಿದರು. ಕಾಲುವೆಯನ್ನು 14.5 ಮೀಟರ್ ಇಳಿತದ ಹಡಗಿಗೆ ತಕ್ಕಂತೆ ತೋಡಿದರು. ಆದರೆ ಜಾಗ ಹಿನ್ನೀರಿನ ಬಾಯಿ. ಮಳೆಗಾಲದಲ್ಲಿ ನದಿಗಳು ಹೂಳು ತಂದು ಸುರಿಯುತ್ತವೆ, ಸಮುದ್ರದ ಕೆಸರೂ ಒಳಗೆ ಸರಿಯುತ್ತದೆ. ತೋಡಿದ್ದು ತುಂಬುತ್ತದೆ, ತುಂಬಿದ್ದನ್ನು ಮತ್ತೆ ತೋಡಬೇಕು. ಈ ಖರ್ಚು ವರ್ಷವರ್ಷವೂ ಬರುವಂಥದ್ದು, ಕೊನೆಗೆ ಹಡಗಿನ ಶುಲ್ಕದ ಮೇಲೇ ಕೂರುತ್ತದೆ. ಅಷ್ಟರಲ್ಲಿ 2013ರಿಂದ ಕೊಲಂಬೊದ ದಕ್ಷಿಣ ಬಂದರಿನಲ್ಲಿ 18 ಮೀಟರ್ ಆಳದ ಟರ್ಮಿನಲ್ ಕೆಲಸ ಆರಂಭಿಸಿತು.

ಕಾನೂನೂ ವಲ್ಲಾರ್‌ಪಾಡಂನ ಕೈ ಕಟ್ಟಿಹಾಕಿತ್ತು. ಭಾರತದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸರಕು ಒಯ್ಯಲು ಭಾರತದ ಧ್ವಜದ ಹಡಗೇ ಆಗಬೇಕು ಎಂಬುದು ಕರಾವಳಿ ಸಾಗಣೆಯ ಹಳೆಯ ನಿಯಮ. ನಮ್ಮಲ್ಲಿ ಅಂಥ ಕಂಟೇನರ್ ಹಡಗುಗಳೇ ಬೆರಳೆಣಿಕೆಯಷ್ಟು. ಮಂಗಳೂರಿನಿಂದ ಕೊಲಂಬೊಗೆ ವಿದೇಶಿ ಫೀಡರ್ ಹಡಗು, ಅಂದರೆ ದೊಡ್ಡ ಹಡಗಿಗೆ ಸರಕು ಮುಟ್ಟಿಸುವ ಚಿಕ್ಕ ಹಡಗು, ಸರಾಗವಾಗಿ ಹೋಗಬಹುದಿತ್ತು, ಅದೇ ಹಡಗು ಮಂಗಳೂರಿನ ಡಬ್ಬವನ್ನು ಕೊಚ್ಚಿಯಲ್ಲಿ ಇಳಿಸುವಂತಿರಲಿಲ್ಲ. ನಮ್ಮ ಸರಕನ್ನು ನಮ್ಮ ನಿಯಮವೇ ಕೊಲಂಬೊಗೆ ಅಟ್ಟಿತು. 2012ರಲ್ಲಿ ವಲ್ಲಾರ್‌ಪಾಡಂಗೆ ಮಾತ್ರ ವಿನಾಯಿತಿ ಸಿಕ್ಕಿತು, ಎಲ್ಲ ಬಂದರುಗಳಿಗೂ ಅನ್ವಯಿಸುವ ಸಡಿಲಿಕೆ ಬಂದದ್ದು 2018ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಹಡಗು ಕಂಪನಿಗಳ ವೇಳಾಪಟ್ಟಿ ಕೊಲಂಬೊ ಸುತ್ತ ಗಟ್ಟಿಯಾಗಿ ನೇಯ್ದುಕೊಂಡಿತ್ತು. ಇಂಥ ನೇಯ್ಗೆಯನ್ನು ಬಿಡಿಸಲು ಶುಲ್ಕದಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರೆ ಆಗುವುದಿಲ್ಲ.

ವಿಳಿಂಜಂ ಈ ಎರಡೂ ತೊಡಕುಗಳಿಂದ ಪಾರಾಗಿದೆ. ದಡದ ಹತ್ತಿರವೇ 18ರಿಂದ 20 ಮೀಟರ್ ಸಹಜ ಆಳ, ಹೂಳಿನ ಕಾಟ ತೀರ ಕಡಿಮೆ, ಯುರೋಪ್ ಮತ್ತು ಪೂರ್ವ ಏಷ್ಯಾ ನಡುವಿನ ಹಡಗು ಮಾರ್ಗ ಹತ್ತು ನಾಟಿಕಲ್ ಮೈಲಿಯ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಆದರೂ 2015ರ ಆಗಸ್ಟ್‌ನಲ್ಲಿ ಒಪ್ಪಂದವಾದ ಬಂದರಿಗೆ ಮೊದಲ ಕಂಟೇನರ್ ಹಡಗು ಬಂದದ್ದು 2024ರ ಜುಲೈನಲ್ಲಿ, ವಾಣಿಜ್ಯ ಕೆಲಸ ಶುರುವಾದದ್ದು ಅದೇ ಡಿಸೆಂಬರ್‌ನಲ್ಲಿ. ತಡವಾಗಿದ್ದು ಕ್ರೇನಿನಿಂದಲ್ಲ, ಕಲ್ಲಿನಿಂದ. ಸುಮಾರು 3 ಕಿ.ಮೀ. ಉದ್ದದ ಅಲೆತಡೆ ಗೋಡೆಯನ್ನು 20 ಮೀಟರ್‌ವರೆಗಿನ ಆಳದ ನೀರಿನಲ್ಲಿ ಎಬ್ಬಿಸಬೇಕಿತ್ತು. ಆಳ ನೀರಿನಲ್ಲಿ ಗೋಡೆಯ ಬುಡ ಬೆಟ್ಟದಂತೆ ಅಗಲವಾಗುತ್ತದೆ: ಎತ್ತರ ಎರಡು ಪಟ್ಟಾದರೆ ಬೇಕಾಗುವ ಕಲ್ಲು ಸುಮಾರು ನಾಲ್ಕು ಪಟ್ಟು. ಆ ಕಲ್ಲಿಗೆ ಕ್ವಾರಿ ಪರವಾನಗಿ ಸಿಗದೆ ತಿಂಗಳುಗಟ್ಟಲೆ ಕೆಲಸ ನಿಂತಿತು. 2017ರ ಕೊನೆಯಲ್ಲಿ ಬಂದ ಒಖಿ ಚಂಡಮಾರುತ ಅರ್ಧ ಕಟ್ಟಿದ ಗೋಡೆಯ ಒಂದು ಭಾಗವನ್ನು ಕೆಡವಿತು. ಮೀನುಗಾರರ ಪ್ರತಿಭಟನೆಯೂ ನಡೆಯಿತು, ಅವರ ಅಳಲನ್ನು ಮೊದಲೇ ಕೂತು ಕೇಳಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಬಂದರಿನ ಯೋಜನೆ ಮಾಡುವವರು ಕ್ರೇನಿಗೆ ಆರ್ಡರ್ ಕೊಡುವ ಮೊದಲು ಕಲ್ಲು ಎಲ್ಲಿಂದ, ದಿನಕ್ಕೆ ಎಷ್ಟು ಲಾರಿ, ಯಾವ ರಸ್ತೆ, ದಡದಲ್ಲಿ ಬಲೆ ಹಾಕುವವರು ಎಲ್ಲಿಗೆ ಹೋಗಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಬೇಕು.

ಈ ಬಂದರು ಒಳನಾಡಿಗೆ ಇನ್ನೂ ಗಟ್ಟಿಯಾಗಿ ಬೆಸೆದುಕೊಳ್ಳಬೇಕಾಗಿದೆ. ಬಾಲರಾಮಪುರಂ ನಿಲ್ದಾಣಕ್ಕೆ ಯೋಜಿಸಿರುವ ರೈಲು ಹಾದಿ 10.7 ಕಿ.ಮೀ., ಅದರಲ್ಲಿ ಸುಮಾರು 9 ಕಿ.ಮೀ. ಸುರಂಗ. ಅದಿಲ್ಲದೆ ವಿಳಿಂಜಂ ಮುಖ್ಯವಾಗಿ ಹಡಗಿನಿಂದ ಹಡಗಿಗೆ ಡಬ್ಬ ಬದಲಿಸುವ ಜಾಗವಾಗಿಯೇ ಇರುತ್ತದೆ. ಅಂಥ ವಹಿವಾಟಿಗೆ ಬೇರು ಇರುವುದಿಲ್ಲ. ಒಂದು ಹಡಗು ಕಂಪನಿ ತನ್ನ ಮೈತ್ರಿ ಬದಲಿಸಿದರೆ, ಪಕ್ಕದ ಬಂದರು ಕಡಿಮೆ ದರ ಕೂಗಿದರೆ, ಸರಕು ಒಂದೇ ಋತುವಿನಲ್ಲಿ ಎದ್ದು ಹೋಗಬಹುದು. ಬೆನ್ನಿಗೆ ಕಾರ್ಖಾನೆ, ಉಗ್ರಾಣ, ರೈಲು ಇರುವ ಬಂದರನ್ನು ಬಿಟ್ಟುಹೋಗುವುದು ಅಷ್ಟು ಸುಲಭವಲ್ಲ. ಶ್ರೀಲಂಕಾದ್ದೇ ಹಂಬನ್‌ತೋಟ ನೋಡಿ: ಹಡಗು ಮಾರ್ಗಕ್ಕೆ ಹತ್ತಿರ, ಆಳವೂ ಇದೆ, 2010ರಲ್ಲಿ ಉದ್ಘಾಟನೆಯಾಯಿತು. ಸರಕು ಬರಲಿಲ್ಲ. 2017ರಲ್ಲಿ 99 ವರ್ಷದ ಗುತ್ತಿಗೆಗೆ ಚೀನಾದ ಕಂಪನಿಯ ಕೈಸೇರಿತು.

ಸಿಂಗಪುರ ಮತ್ತು ದುಬೈ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವಾದರೂ ಎರಡೂ ಬೇರೆ ಬೇರೆ ದಾರಿ ಹಿಡಿದು ಬೆಳೆದವು. ಸಿಂಗಪುರಕ್ಕೆ ಒಳನಾಡೇ ಇಲ್ಲ. ಅದು ಹಡಗುಗಳ ಜೋಡಣೆ ಮತ್ತು ಕಾಗದಪತ್ರದ ವೇಗದ ಮೇಲೆ ನಿಂತಿದೆ. ಅಲ್ಲಿನ ಟ್ರೇಡ್‌ನೆಟ್ ವ್ಯವಸ್ಥೆ 1989ರಷ್ಟು ಹಿಂದೆಯೇ ವ್ಯಾಪಾರದ ಅನುಮತಿಗಳನ್ನು ಒಂದೇ ಎಲೆಕ್ಟ್ರಾನಿಕ್ ಅರ್ಜಿಗೆ ತಂದಿತು. ದುಬೈ 1979ರಲ್ಲಿ ಜೆಬೆಲ್ ಅಲಿ ಬಂದರು ತೆರೆದು, 1985ರಲ್ಲಿ ಅದರ ಬೆನ್ನಿಗೇ ಮುಕ್ತ ವಲಯ ಕಟ್ಟಿತು. ಸರಕು ಇಳಿದಲ್ಲೇ ಬಿಚ್ಚಿ, ವಿಂಗಡಿಸಿ, ಮತ್ತೆ ಕಟ್ಟಿ ಕಳಿಸುವ ಏರ್ಪಾಡು ಅದು. ಅದೇ ವರ್ಷ ಎಮಿರೇಟ್ಸ್ ವಿಮಾನ ಸಂಸ್ಥೆಯೂ ಶುರುವಾಯಿತು, ಸಮುದ್ರದಿಂದ ಬಂದದ್ದು ಆಕಾಶದಿಂದ ಹೊರಡುವ ದಾರಿಯೂ ತೆರೆಯಿತು. ಭಾರತಕ್ಕೆ ಇವೆರಡರಲ್ಲಿ ಯಾವುದೂ ಹಾಗೆಯೇ ಒಗ್ಗುವುದಿಲ್ಲ. ನಮ್ಮ ಸರಕು ಹುಟ್ಟುವುದು ಲೂಧಿಯಾನದಲ್ಲಿ, ತಿರುಪ್ಪೂರಿನಲ್ಲಿ, ಪೀಣ್ಯದಲ್ಲಿ, ಸಕಲೇಶಪುರದಲ್ಲಿ. ನೂರಾರು ಕಿಲೋಮೀಟರ್ ನೆಲದ ಮೇಲೆ ಬಂದು ಆಮೇಲೆ ನೀರು ಮುಟ್ಟಬೇಕು. ಹಾಗಾಗಿ ನಮ್ಮ ಕೇಂದ್ರ ಕಟ್ಟಬೇಕಾದದ್ದು ಒಳನಾಡಿನಿಂದ ದಡದ ಕಡೆಗೆ.

ಈ ದೃಷ್ಟಿಯಲ್ಲಿ ಕಳೆದ ಇಪ್ಪತ್ತು ವರ್ಷಗಳ ನಿಜವಾದ ದೊಡ್ಡ ಕೆಲಸ ಎಂದು ನಾನು ಕರೆಯುವುದು ಸರಕು ರೈಲಿಗೆಂದೇ ಹಾಕಿದ ಪಶ್ಚಿಮ ಕಾರಿಡಾರನ್ನು. ದೆಹಲಿ ಬಳಿಯ ದಾದ್ರಿಯಿಂದ ಮುಂಬೈಯ ಜವಾಹರಲಾಲ್ ನೆಹರೂ ಬಂದರಿನವರೆಗೆ ಸುಮಾರು 1,500 ಕಿ.ಮೀ. ಒಂದರ ಮೇಲೊಂದು ಕಂಟೇನರ್ ಇಟ್ಟು ಓಡಿಸಲು ವಿದ್ಯುತ್ ತಂತಿಯನ್ನು 7.5 ಮೀಟರಿಗೂ ಎತ್ತರದಲ್ಲಿ ಎಳೆದಿದ್ದಾರೆ. ಹಳಿ ಒಂದೊಂದು ಅಚ್ಚಿಗೆ 25 ಟನ್ ಭಾರ ತಡೆಯುತ್ತದೆ. 45 ವ್ಯಾಗನ್ನಿನ ಮಾಮೂಲಿ ಕಂಟೇನರ್ ರೈಲು 90 ಟಿಇಯು ಒಯ್ದರೆ, ಇಲ್ಲಿ ಎರಡು ಅಂತಸ್ತಿನಲ್ಲಿ 180. ಅದಕ್ಕಿಂತ ಮುಖ್ಯವಾದದ್ದು ಸಮಯ. ಪ್ರಯಾಣಿಕ ರೈಲಿಗೆ ದಾರಿ ಬಿಡಲು ಸರಕು ರೈಲನ್ನು ಲೂಪ್ ಲೈನಿನಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದು ಇಲ್ಲಿಲ್ಲ, ಆದ್ದರಿಂದ ಬಂದರಿಗೆ ಯಾವಾಗ ತಲುಪುತ್ತದೆ ಎಂದು ಹೇಳಬಹುದು. ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವಾಧವನ್‌ಗೆ 2024ರ ಜೂನ್‌ನಲ್ಲಿ 76,220 ಕೋಟಿ ರೂಪಾಯಿಯ ಒಪ್ಪಿಗೆ ಸಿಕ್ಕಿತು. ತಲಾ 1,000 ಮೀಟರ್ ಉದ್ದದ ಒಂಬತ್ತು ಟರ್ಮಿನಲ್, ಸುಮಾರು 20 ಮೀಟರ್ ಆಳ, ಎಲ್ಲ ಮುಗಿದಾಗ ವರ್ಷಕ್ಕೆ 2.32 ಕೋಟಿ ಟಿಇಯು ಸಾಮರ್ಥ್ಯ. ಈ ಅಂಕಿಗಳಿಗಿಂತ ನನಗೆ ಭರವಸೆ ಕೊಡುವುದು ಅದು ಈ ಸರಕು ಕಾರಿಡಾರಿಗೆ ಹತ್ತಿರವಿರುವ ಸಂಗತಿ. ಕಾಳಜಿಯ ವಿಷಯವೂ ಅಲ್ಲೇ ಇದೆ. ಡಹಾಣು 1991ರಿಂದ ಪರಿಸರ ಸೂಕ್ಷ್ಮ ಪ್ರದೇಶ, ಮೀನುಗಾರರ ವಿರೋಧ ಬಲವಾಗಿದೆ, 1,448 ಹೆಕ್ಟೇರ್ ಸಮುದ್ರ ತುಂಬಬೇಕಿದೆ. ವಿಳಿಂಜಂನ ಕಲ್ಲಿನ ಪಾಠವನ್ನು ಅಲ್ಲಿ ಹತ್ತು ಪಟ್ಟು ದೊಡ್ಡದಾಗಿ ಓದಬೇಕಾಗುತ್ತದೆ.

ಇನ್ನು ನಮ್ಮ ಘಾಟಿ.

ನಿಮ್ಮ ಒಂದು ಡಬ್ಬವನ್ನೇ ಹಿಂಬಾಲಿಸೋಣ. 60 ಕಿಲೋದ 320 ಚೀಲ, ಒಟ್ಟು 19.2 ಟನ್. ನಿಮ್ಮ ಗೋದಾಮಿನಲ್ಲೇ ತುಂಬಿ, ಇ-ಸೀಲ್ ಎಂಬ ಎಲೆಕ್ಟ್ರಾನಿಕ್ ಮುದ್ರೆ ಹಾಕಿ, ಕಸ್ಟಮ್ಸ್‌ಗೆ ಕೊಡುವ ರಫ್ತು ಅರ್ಜಿಯಾದ ಶಿಪ್ಪಿಂಗ್ ಬಿಲ್ ಸಲ್ಲಿಸಿ, ತೂಕದ ಪ್ರಮಾಣಪತ್ರ ಕಳಿಸಿದ್ದೀರಿ. 2016ರ ಜುಲೈನಿಂದ ದೃಢೀಕೃತ ತೂಕವಿಲ್ಲದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ. ಫೀಡರ್ ಹಡಗಿಗೆ ಒಂದು ಕಟ್-ಆಫ್ ಇರುತ್ತದೆ, ಶುಕ್ರವಾರ ಸಂಜೆ 6 ಎಂದುಕೊಳ್ಳಿ. ಅಷ್ಟರೊಳಗೆ ಡಬ್ಬ ಪಣಂಬೂರಿನ ಗೇಟು ದಾಟಿರಬೇಕು. ಹಾಸನದಿಂದ ಸುಮಾರು 180 ಕಿ.ಮೀ., ಒಳ್ಳೆಯ ದಿನ ಟ್ರೇಲರ್ ಆರೇಳು ಗಂಟೆಯಲ್ಲಿ ತಲುಪುತ್ತದೆ. ಜುಲೈನ ಒಂದು ರಾತ್ರಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಭಾರಿ ವಾಹನ ನಿಲ್ಲಿಸಿದರು ಎಂದರೆ ಡಬ್ಬ ಘಾಟಿಯ ಬುಡದ ಗುಂಡ್ಯ ತಲುಪದೆ ಮೇಲೆಯೇ ಉಳಿಯಿತು. ಆರು ಗಂಟೆ ತಡವಾದರೂ ನಿಮಗಾಗುವ ನಷ್ಟ ಆರು ಗಂಟೆಯದಲ್ಲ. ಆ ಫೀಡರ್ ತಪ್ಪಿತು, ಮುಂದಿನದು ಬರುವ ವಾರ, ಕೊಲಂಬೊದಲ್ಲಿ ಹಿಡಿಯಬೇಕಿದ್ದ ದೊಡ್ಡ ಹಡಗೂ ತಪ್ಪಿತು. ಒಂದು ವಾರದ ಬಡ್ಡಿ, ಡಬ್ಬವನ್ನು ಹೆಚ್ಚು ದಿನ ಇಟ್ಟುಕೊಂಡದ್ದಕ್ಕೆ ಹಡಗು ಕಂಪನಿ ಹಾಕುವ ಡಿಟೆನ್ಷನ್ ಶುಲ್ಕ, ಖರೀದಿದಾರರಿಗೆ ಕೊಡಬೇಕಾದ ವಿವರಣೆ. ಇದನ್ನೆಲ್ಲ ಒಮ್ಮೆ ಅನುಭವಿಸಿದ ರಫ್ತುದಾರರು ಮುಂದಿನ ಸಲ ನಾಲ್ಕು ದಿನ ಮೊದಲೇ ಸರಕು ಕಳಿಸುತ್ತಾರೆ. ಆ ನಾಲ್ಕು ದಿನದ ದುಡ್ಡು ಬಂದರಿನಲ್ಲಿ ಸುಮ್ಮನೆ ಕೂರುತ್ತದೆ. ದೇಶದ ಸಾಗಣೆ ವೆಚ್ಚವನ್ನು ಈಗ ಜಿಡಿಪಿಯ ಶೇ 8ರ ಆಸುಪಾಸು ಎಂದು ಅಂದಾಜು ಮಾಡಿದ್ದಾರೆ. ಡೀಸೆಲ್ ಮತ್ತು ಟೋಲ್ ಜೊತೆಗೆ ಹೀಗೆ ಕೂತ ದುಡ್ಡೂ ಸಾಗಣೆಯ ಹೊರೆಯೇ.

ರೈಲಿನಲ್ಲಿ ಕಳಿಸಬಹುದಲ್ಲ ಎನ್ನುತ್ತೀರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, 50ಕ್ಕೆ 1ರ ಇಳಿಜಾರು. ಈ ‘50ಕ್ಕೆ 1’ ಎಂಬುದನ್ನು ತೂಕಕ್ಕೆ ಇಳಿಸಿ ನೋಡಿದರೆ ಅದರ ಬಿಸಿ ಗೊತ್ತಾಗುತ್ತದೆ. ಮೇಲೇರುವಾಗ ಪ್ರತಿ ಟನ್ನಿಗೆ 20 ಕಿಲೋ ಬಲ ಗುರುತ್ವ ಒಂದಕ್ಕೇ ಬೇಕು, ಸಮತಟ್ಟಾದ ಹಳಿಯಲ್ಲಿ ಎರಡು ಮೂರು ಕಿಲೋ ಸಾಕು. 2,000 ಟನ್ನಿನ ಒಂದು ರೈಲಿಗೆ 40 ಟನ್ನಿಗೂ ಮೀರಿದ ಎಳೆತ. ಶಕ್ತಿಶಾಲಿಯಾದ ಒಂದು ಸರಕು ಎಂಜಿನ್ ಒಣ ಹಳಿಯ ಮೇಲೆ ನಿಂತಲ್ಲಿಂದ ಎಳೆಯಬಲ್ಲದ್ದು ಸುಮಾರು 50 ಟನ್. ಮಳೆಯಲ್ಲಿ ಹಳಿ ಜಾರಿದರೆ ಅದೂ ಇಳಿಯುತ್ತದೆ. ಅದಕ್ಕೇ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳು. ನಿಮ್ಮ ಕಾಫಿ ಇಳಿಯುವ ಸರಕು, ಅಲ್ಲಿ ಸಮಸ್ಯೆ ಬ್ರೇಕಿನದು, ಹಾಗಾಗಿ ಗಂಟೆಗೆ 30 ಕಿ.ಮೀ. ಮೀರದ ವೇಗ. ಸುರಂಗಗಳ ಎತ್ತರ ಎರಡು ಅಂತಸ್ತಿನ ಕಂಟೇನರಿಗೆ ಸಾಲುವುದಿಲ್ಲ. ಹಾದಿ ಒಂಟಿ. 2024ರ ಜುಲೈ 26ರಂದು ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ, ಪ್ರಯಾಣಿಕ ರೈಲು ಮತ್ತೆ ಓಡಲು ಸುಮಾರು ಎರಡು ವಾರ ಹಿಡಿಯಿತು.

ಬೆಂಗಳೂರಿನ ಉಡುಪು, ಯಂತ್ರಭಾಗ, ಎಲೆಕ್ಟ್ರಾನಿಕ್ಸ್ ವೈಟ್‌ಫೀಲ್ಡ್ ಒಣಬಂದರಿನಿಂದ (ಒಳನಾಡಿನಲ್ಲೇ ಕಂಟೇನರ್ ಮತ್ತು ಕಸ್ಟಮ್ಸ್ ಕೆಲಸ ಮುಗಿಸುವ ಜಾಗ) ಚೆನ್ನೈ ಕಡೆ ಇಳಿಯುವುದು ಇದಕ್ಕೇ. ಆ ದಿಕ್ಕಿನ ಇಳಿಜಾರು ಮೃದು, ರೈಲು ಹೆಚ್ಚು, ಹಡಗೂ ಹೆಚ್ಚು. ಸರಕು ಪೂರ್ವಕ್ಕೆ ಹೋದಷ್ಟೂ ಮಂಗಳೂರಿಗೆ ಹಡಗು ಕಡಿಮೆ, ಹಡಗು ಕಡಿಮೆಯಾದಷ್ಟೂ ಸರಕು ಪೂರ್ವಕ್ಕೆ. ಇನ್ನೊಂದು ಸೂಕ್ಷ್ಮವೂ ಇದೆ: ಖಾಲಿ ಡಬ್ಬ. ಕಾಫಿಗೆ ವಾಸನೆಯಿಲ್ಲದ, ತೂತಿಲ್ಲದ, ಆಹಾರ ದರ್ಜೆಯ 20 ಅಡಿ ಡಬ್ಬವೇ ಬೇಕು. ಕಂಟೇನರಿನಲ್ಲಿ ಆಮದು ಕಡಿಮೆ ಇರುವ ಬಂದರಿನಲ್ಲಿ ಅಂಥದ್ದು ತಾನಾಗಿ ಸೇರುವುದಿಲ್ಲ, ಬೇರೆಡೆಯಿಂದ ಖಾಲಿ ಹೊತ್ತು ತರಬೇಕು. ಆ ಬಾಡಿಗೆ ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ.

ಹಾಗಾದರೆ ಕರ್ನಾಟಕ ಏನು ಮಾಡಬೇಕು? ಮೊದಲು ನೀರು ಹೊರಹಾಕಬೇಕು. ಸಹ್ಯಾದ್ರಿಯ ಇಳುಕಲಿನಲ್ಲಿ ಮೇಲೆ ಜಂಬಿಟ್ಟಿಗೆಯಂಥ ಸಡಿಲ ಮಣ್ಣು, ಕೆಳಗೆ ಗಟ್ಟಿ ಬಂಡೆ. ಮಳೆನೀರು ಮಣ್ಣಿನಲ್ಲಿ ಇಂಗಿ ಬಂಡೆಯ ಮೇಲೆ ನಿಲ್ಲುತ್ತದೆ. ರಸ್ತೆ ಅಗಲ ಮಾಡಲು ಬುಡವನ್ನು ಲಂಬವಾಗಿ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪಿ ಜಾರುತ್ತದೆ. ಬುಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿ, ಅದರ ಹಿಂದೆ ಜಲ್ಲಿಯ ಸೋಸುಪದರ ಹಾಕದೆ ಬಿಟ್ಟರೆ ನೀರಿನ ಕಿಂಡಿಗಳು ಒಂದೆರಡು ಮಳೆಗೇ ಮಣ್ಣು ತುಂಬಿ ಮುಚ್ಚುತ್ತವೆ. ಆಮೇಲೆ ಗೋಡೆಯೇ ಅಣೆಕಟ್ಟಾಗಿ ನೀರಿನ ಒತ್ತಡಕ್ಕೆ ಉರುಳುತ್ತದೆ. ಸರಿಯಾದ ಕ್ರಮ ಎಂದರೆ ಕಡಿತದ ನೆತ್ತಿಯ ಮೇಲೆ ನೀರು ತಡೆದು ಬದಿಗೆ ಒಯ್ಯುವ ಚರಂಡಿ ಮೊದಲು, ಇಳುಕಲಿನೊಳಗೆ ರಂಧ್ರವಿರುವ ಕೊಳವೆಗಳನ್ನು ತುಸು ಓರೆಯಾಗಿ ಕೊರೆದು ಒಳನೀರು ಬಸಿಯುವುದು ಆಮೇಲೆ, ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮೊಳೆ ಮತ್ತು ಜಾಲರಿ ಕೂರಿಸುವುದು ಅದರ ನಂತರ, ಗೋಡೆ ಕೊನೆಗೆ. ನಮ್ಮಲ್ಲಿ ಅನೇಕ ಕಡೆ ಗೋಡೆ ಮೊದಲು ಎದ್ದಿದೆ. ವರ್ಷದಲ್ಲಿ ಹನ್ನೆರಡು ತಿಂಗಳೂ ತೆರೆದಿರುವ ಎರಡು ಪಥದ ಘಾಟಿ, ಮಳೆಗಾಲದಲ್ಲಿ ಮುಚ್ಚುವ ನಾಲ್ಕು ಪಥದ ಘಾಟಿಗಿಂತ ವ್ಯಾಪಾರಕ್ಕೆ ಮೇಲು.

ಇದರ ಜೊತೆಗೇ, ಬೆಂಗಳೂರಿನಿಂದ ಹಾಸನದ ಮೇಲೆ ಪಣಂಬೂರಿಗೆ ವಾರಕ್ಕೆ ಒಂದು ಕಂಟೇನರ್ ರೈಲು, ನಿಗದಿತ ದಿನ, ನಿಗದಿತ ಗಂಟೆಗೆ, ಅರ್ಧ ಖಾಲಿ ಇದ್ದರೂ ಹೊರಡಬೇಕು. ಮೊದಲ ಒಂದೆರಡು ವರ್ಷ ಆ ಖಾಲಿ ಜಾಗದ ನಷ್ಟವನ್ನು ರಾಜ್ಯ ಸರ್ಕಾರ ಮತ್ತು ಬಂದರು ಹಂಚಿಕೊಳ್ಳಲಿ. ತುಂಬಿದರೆ ಮಾತ್ರ ಹೊರಡುತ್ತದೆ ಎನ್ನುವ ರೈಲನ್ನು ನಂಬಿ ಯಾವ ರಫ್ತುದಾರರೂ ಖರೀದಿದಾರರಿಗೆ ದಿನಾಂಕ ಕೊಡಲಾರರು. ಮಂಗಳೂರು ಕೊಲಂಬೊ ಆಗಬೇಕಿಲ್ಲ. ಕಾಫಿ, ಗೇರು, ಮೀನು, ಗ್ರಾನೈಟ್‌ಗೆ ನಂಬಿಕೆಯ ಬಾಗಿಲಾಗಿ, ವಾರಕ್ಕೆ ಎರಡು ಮೂರು ಫೀಡರ್ ಹಡಗು ತಪ್ಪದೆ ಹೊರಡುವಂತಾದರೆ ನಿಮ್ಮ ಕೆಲಸ ಆಗುತ್ತದೆ. ಉತ್ತರ ಕನ್ನಡದ ಕೇಣಿಯಲ್ಲಿ ಹೊಸ ಬಂದರಿನ ಮಾತು ನಡೆದಿದೆ, ಮೀನುಗಾರರ ಪ್ರತಿಭಟನೆಯೂ ನಡೆದಿದೆ. ದಶಕಗಳ ಹಿಂದೆಯೇ ಅಡಿಗಲ್ಲು ಬಿದ್ದ ಹುಬ್ಬಳ್ಳಿ–ಅಂಕೋಲಾ ರೈಲು ಅರಣ್ಯದ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿರುವಾಗ ಅಲ್ಲಿ ಬಂದರು ಕಟ್ಟಿದರೆ, ಅದಿರು ಮತ್ತು ಕಲ್ಲಿದ್ದಲೆಲ್ಲ ಲಾರಿಗಳಲ್ಲಿ ಘಾಟಿ ಹತ್ತಿಳಿಯಬೇಕಾಗುತ್ತದೆ. ಆ ಕ್ರಮ ನನಗೆ ಸರಿ ಕಾಣುವುದಿಲ್ಲ.

ಕಾಗದಪತ್ರದ ಬಗ್ಗೆ ಎರಡು ಮಾತು. ಕಸ್ಟಮ್ಸ್ ಗುರಿ ಬಂದರಿನಲ್ಲಿ ಆಮದಿಗೆ 48 ಗಂಟೆ, ರಫ್ತಿಗೆ 24 ಗಂಟೆ. ಪರೀಕ್ಷೆ ಇಲ್ಲದ ಸರಕಿಗೆ ಕಂಪ್ಯೂಟರ್ ಅನುಮತಿ ಬೇಗ ಸಿಗುತ್ತದೆ. ಸಮಯ ಸೋರುವುದು ಉಳಿದ ಕಡೆ: ಹಡಗು ಬಂದ ಮೇಲೆ ದಾಖಲೆ ಸಲ್ಲಿಸುವುದು, ಸುಂಕ ಕಟ್ಟಲು ತಡಮಾಡುವುದು, ಸಸ್ಯ ಸಂಗರೋಧ (ರೋಗ, ಕೀಟದ ತಪಾಸಣೆ) ಅಥವಾ ಆಹಾರ ಪ್ರಯೋಗಾಲಯದ ವರದಿಗೆ ಕಾಯುವುದು. ಕಸ್ಟಮ್ಸ್ 24 ಗಂಟೆ ತೆರೆದಿದ್ದು, ಪ್ರಯೋಗಾಲಯ ಭಾನುವಾರ ಮುಚ್ಚಿದ್ದರೆ ಬಂದರೂ ಭಾನುವಾರ ಮುಚ್ಚಿದಂತೆಯೇ. ಕೇಂದ್ರವಾಗಬೇಕೆಂಬ ದೇಶ ಈ ಎಲ್ಲ ಇಲಾಖೆಗಳ ಗಡಿಯಾರವನ್ನು ಒಂದೇ ಸಮಯಕ್ಕೆ ಹೊಂದಿಸಬೇಕು. ಕೇಂದ್ರ ಸರ್ಕಾರದ ಗತಿಶಕ್ತಿ ಯೋಜನೆಯ ನಕ್ಷೆ 2021ರಿಂದ ರಸ್ತೆ, ರೈಲು, ಕೊಳವೆಗಳನ್ನು ಒಂದೇ ಪರದೆಗೆ ತಂದಿದೆ, ಒಳ್ಳೆಯದೇ. ಇಲಾಖೆಗಳ ಕೆಲಸದ ವೇಳೆಯೂ ಹಾಗೆ ಒಂದಾಗಬೇಕಿದೆ.

ಇದೆಲ್ಲ ಆಗುವವರೆಗೆ ನಿಮ್ಮ ಕೈಯಲ್ಲಿರುವುದನ್ನು ಹೇಳುತ್ತೇನೆ. ಬಾಡಿಗೆ ದರ ಕೇಳುವಾಗಲೇ ಹಡಗು ಕಂಪನಿಯನ್ನು ಮೂರು ವಿಷಯ ಕೇಳಿ: ಹಡಗು ಬದಲಿಸುವ ಬಂದರು ಯಾವುದು, ಅಲ್ಲಿ ಮುಂದಿನ ಹಡಗಿಗೆ ಎಷ್ಟು ದಿನದ ಅಂತರ, ಕಳೆದ ಎಂಟು ವಾರದಲ್ಲಿ ಎಷ್ಟು ಸಲ ಆ ಜೋಡಣೆ ತಪ್ಪಿದೆ. 50 ಡಾಲರ್ ಕಡಿಮೆ ದರಕ್ಕಿಂತ ಈ ಮೂರನೆಯ ಉತ್ತರ ನಿಮಗೆ ಹೆಚ್ಚು ಉಳಿಸುತ್ತದೆ. ವಿಳಿಂಜಂ ಮೂಲಕ ಸಾಗಿಸುವ ಕಂಪನಿಯಿಂದಲೂ ದರ ತರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್-ಆಫ್‌ಗೆ 48 ಗಂಟೆ ಮೊದಲು ಡಬ್ಬ ಘಾಟಿಯ ಕೆಳಗೆ ಇರುವಂತೆ ನೋಡಿಕೊಳ್ಳಿ, ಉಳಿದ ತಿಂಗಳಿಗೆ 24 ಸಾಕು. ಕಸ್ಟಮ್ಸ್‌ನ ಅಧಿಕೃತ ಆರ್ಥಿಕ ನಿರ್ವಾಹಕ ಮಾನ್ಯತೆ, ಅಂದರೆ ಎಇಒ, ಪಡೆದಿಲ್ಲವಾದರೆ ಮೊದಲ ಹಂತಕ್ಕಾದರೂ ಅರ್ಜಿ ಹಾಕಿ, ತಪಾಸಣೆ ಕಡಿಮೆಯಾಗುತ್ತದೆ.

ಡಬ್ಬದ ಒಳಗಿನದನ್ನೂ ಮರೆಯಬೇಡಿ. ಕೆಂಪು ಸಮುದ್ರದ ದಾಳಿಗಳು 2023ರ ನವೆಂಬರ್‌ನಲ್ಲಿ ಶುರುವಾದ ಮೇಲೆ ಹೆಚ್ಚಿನ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು, ಯುರೋಪಿಗೆ ಹತ್ತರಿಂದ ಹದಿನಾಲ್ಕು ದಿನ ಹೆಚ್ಚಾಯಿತು. ಸೂಯೆಜ್ ಕಾಲುವೆ ಇಲ್ಲದ ಕಾಲದಲ್ಲಿ ಇದೇ ದಾರಿಯ ಉಪ್ಪುಗಾಳಿಗೆ ಉಬ್ಬಿ ಬಣ್ಣಗೆಟ್ಟ ಕಾಫಿಯ ರುಚಿಯನ್ನೇ ಇಂದು ಮಂಗಳೂರಿನ ಉಗ್ರಾಣಗಳಲ್ಲಿ ಮಾನ್ಸೂನ್ಡ್ ಮಲಬಾರ್ ಎಂದು ಬೇಕೆಂದೇ ತಯಾರಿಸುತ್ತಾರೆ. ನಿಮ್ಮ ಮಾಮೂಲಿ ಕಾಫಿಗೆ ಆ ಉಬ್ಬು ಬೇಡ. ಕೊಲಂಬೊ ಯಾರ್ಡಿನ ಬಿಸಿಲಲ್ಲಿ ಡಬ್ಬ ಕಾದು, ಯುರೋಪಿನ ಚಳಿಗೆ ಚಾವಣಿ ತಣ್ಣಗಾದಾಗ ಒಳಗಿನ ತೇವ ಹನಿಯಾಗಿ ಮೇಲಿನ ಸಾಲಿನ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ತುಂಬುವ ದಿನವೇ ಬೀಜದ ತೇವಾಂಶ ಅಳೆಯಿರಿ, ಶೇ 12ರ ಮೇಲಿದ್ದರೆ ತುಂಬಬೇಡಿ. ಗೋಡೆ ಮತ್ತು ಚಾವಣಿಗೆ ಕ್ರಾಫ್ಟ್ ಕಾಗದ ಹಚ್ಚಿ, ತೇವ ಹೀರುವ ಚೀಲಗಳನ್ನು ಗೋಡೆಯ ಕೊಕ್ಕೆಗಳಿಗೆ ತೂಗುಹಾಕಿ, ಅವು ಕಾಫಿ ಚೀಲಕ್ಕೆ ತಾಗದಂತೆ ನೋಡಿ. ಇದೆಲ್ಲಕ್ಕೂ ಮೊದಲು ಖಾಲಿ ಡಬ್ಬದೊಳಗೆ ಒಬ್ಬರನ್ನು ನಿಲ್ಲಿಸಿ ಬಾಗಿಲು ಮುಚ್ಚಿ ನೋಡಿ. ಎಲ್ಲಿಂದಲಾದರೂ ಬೆಳಕಿನ ಚುಕ್ಕೆ ಕಂಡರೆ ಆ ಡಬ್ಬವನ್ನು ಹಿಂದಕ್ಕೆ ಕಳಿಸಿ, ಬೇರೆ ತರಿಸಿ.